ತಿಮ್ಮಪ್ಪನ ಗಂಟು, ಈಶ್ವರನ ಲೆಕ್ಕ

ನನ್ನನ್ನು ದೇವಸ್ಥಾನದ ಖಜಾಂಚಿ ಮಾಡಿದ್ದು ನಾನು ಬುದ್ಧಿವಂತೆ ಎಂದಲ್ಲ. ನಮ್ಮ ಮನೆಯಲ್ಲಿ ಕಬ್ಬಿಣದ ಬೀರು ಇತ್ತು, ಅದಕ್ಕೆ. ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದವರ ಕ್ವಾರ್ಟರ್ಸ್ ಬೀದಿ ನಮ್ಮದು. ಗಂಡಸರೆಲ್ಲ ದಿನಾ ಕಬ್ಬಿಣ ಕಾಯಿಸಿ ಬರುವವರು, ಮನೆಯಲ್ಲಿ ಮಾತ್ರ ಎಲ್ಲರದ್ದೂ ಮರದ ಪೆಟ್ಟಿಗೆ. ಬೀರು ಇದ್ದದ್ದು ನಮ್ಮೊಬ್ಬರಲ್ಲೇ. ಇನ್ನೊಂದು ಕಾರಣವನ್ನು ದೇವಸ್ಥಾನದ ಕಮಿಟಿಯ ಕಾರ್ಯದರ್ಶಿಗಳು ಸಭೆಯಲ್ಲೇ ಎಲ್ಲರ ಮುಂದೆ ಹೇಳಿದರು.

"ಈಯಮ್ಮನ ಹತ್ರ ಸಾಲ ಕೇಳೋ ಧೈರ್ಯ ಯಾರಿಗೂ ಇಲ್ಲ."

ಅದು ಹೊಗಳಿಕೆಯೋ ಬೈಗುಳವೋ ನಾನು ವಿಚಾರಿಸಲು ಹೋಗಲಿಲ್ಲ. ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದೆ.

ಹಿಂದಿನ ಖಜಾಂಚಿ ಒಳ್ಳೆಯ ಮನುಷ್ಯ. ತೊಂದರೆ ಆದದ್ದೇ ಅದರಿಂದ. ಯಾರಾದರೂ ಎದುರಿಗೆ ನಿಂತು ಎರಡು ಸಲ ಮೂಗು ಒರೆಸಿಕೊಂಡರೆ ಸಾಕು, ಈಶ್ವರನ ದುಡ್ಡು ತೆಗೆದು ಕೊಟ್ಟುಬಿಡುತ್ತಿದ್ದ. ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಕೇಳಿದರೆ ದೇವರು ನೋಡುತ್ತಿದ್ದಾನಲ್ಲ ಎನ್ನುತ್ತಿದ್ದ. ದೇವರು ನೋಡಿದ್ದು ನಿಜವೇ ಇರಬಹುದು, ವಸೂಲಿಗೆ ಮಾತ್ರ ಹೋಗಲಿಲ್ಲ. ದೇವಸ್ಥಾನದ ದುಡ್ಡಿನ ಡಬ್ಬ ನನ್ನ ಕೈಗೆ ಬಂದಾಗ ಅದರಲ್ಲಿ ಎರಡು ಹರಿದ ನೋಟು, ಒಂದು ಸುಣ್ಣದ ಕಾಯಿ ಇತ್ತು.

ಇದರ ಫಲ ಅನುಭವಿಸಿದವರು ನಮ್ಮ ಅರ್ಚಕರು. ತಿಂಗಳಿಗೆ ನಾಲ್ಕು ನೂರು ರೂಪಾಯಿ ಅವರ ಸಂಬಳ, ಅದೂ ತಿಂಗಳುಗಟ್ಟಲೆ ಬಂದಿರಲಿಲ್ಲ, ಯುಗಾದಿಗೆ ಐದು ತಿಂಗಳ ಬಾಕಿ ಆಗುತ್ತಿತ್ತು. ಬಾಯಿಬಿಟ್ಟು ಕೇಳುವ ಜನ ಅಲ್ಲ ಅವರು. ಮಂಗಳಾರತಿ ತಟ್ಟೆಯನ್ನು ಮಾತ್ರ ನನ್ನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಿದ್ದರು. ಒಂದು ಸೋಮವಾರ ನನಗೆ ತಡೆಯಲಾಗಲಿಲ್ಲ.

"ಏನ್ ಅಯ್ನೋರೇ, ನನ್ನ ಮುಖಕ್ಕೆ ಹೊಗೆ ಹಾಕಿ ಸೊಳ್ಳೆ ಓಡಿಸ್ತಿದೀರಾ? ಹೇಳೋದಿದ್ರೆ ಹೇಳಿ."

ಅವರು ತಟ್ಟೆ ಕೆಳಗಿಟ್ಟರು. "ಶಿವಮೊಗ್ಗ ಕೋಟೆ ಹತ್ರ ಒಂದು ದೇವಸ್ಥಾನದವರು ಕರೀತಿದಾರೆ ಅಮ್ಮಾ. ತಿಂಗಳು ಹುಟ್ಟುತ್ತಲೇ ಸಂಬಳ. ಇರೋಕೆ ಮನೆ. ಮನೆ ಒಳಗೇ ನಲ್ಲಿ."

"ನೀವೇನಂದ್ರಿ?"

"ನಾನೇನೂ ಅನ್ನಲಿಲ್ಲ. ನಮ್ಮನೇವ್ಳು ನಲ್ಲಿ ಅಂದ ಕೂಡ್ಲೇ ಅರ್ಧ ಪಾತ್ರೆ ಮೂಟೆ ಕಟ್ಟಿದಾಳೆ. ಯುಗಾದಿ ತನಕ ನೋಡೋಣ ಅಂತ ನಾನೇ ಹಿಡ್ಕೊಂಡಿದೀನಿ."

"ಶಿವರಾತ್ರಿ ಹುಂಡಿ ತೆಗೀತೀವಲ್ಲ, ಯುಗಾದಿ ದಿನ ನಿಮ್ಮ ಬಾಕಿ ಪೂರ್ತಿ ನಿಮ್ಮ ಕೈಗೆ ಕೊಡ್ತೀನಿ. ಇದು ನನ್ನ ಮಾತು" ಎಂದು ಹೇಳಿ ಬಂದೆ.

ಹೇಳುವುದು ಸುಲಭ. ಆದರೆ ಅವರು ಹೋದರೆ ಈ ಸಂಬಳಕ್ಕೆ ಇನ್ನೊಬ್ಬರು ಬರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ಬೀದಿಯ ಗುಡಿಗೆ ಹಾಗೇ ಬೀಗ ಬಿದ್ದು, ಜಗುಲಿಯ ಮೇಲೆ ನಾಯಿಗಳು ಮಲಗಿ ಏಳುತ್ತಿದ್ದವು. ನಮ್ಮ ಈಶ್ವರನಿಗೆ ಆ ಗತಿ ನಾನು ಖಜಾಂಚಿಯಾಗಿದ್ದಾಗ ಬಂತು ಎಂದು ಜನ ಆಡಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಇಲ್ಲಿ ಹಂಡೆಯ ವಿಷಯ ಹೇಳಬೇಕು. ನಮ್ಮ ಬೀದಿಯಲ್ಲಿ ಎಲ್ಲ ಭಾಷೆಯವರೂ ಇದ್ದರು, ಎಲ್ಲರಿಗೂ ಒಂದೊಂದು ದೂರದ ದೇವರಿಗೆ ಹರಕೆ. ತೆಲುಗಿನವರಿಗೆ ತಿರುಪತಿ ತಿಮ್ಮಪ್ಪ, ತಮಿಳರಿಗೆ ಪಳನಿ, ನಮ್ಮವರಿಗೆ ಮಂಜುನಾಥ, ಎಲ್ಲಮ್ಮ, ಜೊತೆಗೆ ತಿಮ್ಮಪ್ಪನೂ. ಹರಕೆ ಹೊತ್ತ ದಿನ ಅರಿಸಿನದ ಬಟ್ಟೆಯಲ್ಲಿ ಒಂದು ಕಾಸು ಕಟ್ಟಿಡುತ್ತೇವೆ. ಅದು ಮುಡಿಪು. ಆಮೇಲೆ ಕೈಯಲ್ಲಿ ಆದಾಗ ಆ ಗಂಟಿನ ಸಂದಿಯಲ್ಲಿ ಒಂದೊಂದೇ ತುರುಕುತ್ತಾ ಹೋಗುವುದು. ಆ ದೇವರ ಮುಂದೆ ಹೋಗಿ ನಿಲ್ಲುವ ತನಕ ಬಿಚ್ಚುವ ಹಾಗಿಲ್ಲ, ಎಣಿಸುವ ಹಾಗಿಲ್ಲ, ಮೈಲಿಗೆ ತಾಗಿಸುವ ಹಾಗಿಲ್ಲ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಾಲ್ಕು ಹೆಂಗಸರಿದ್ದರೆ ಮಡಿಯ ಮೂಲೆಯನ್ನು ಎಲ್ಲಿಂದ ತರುವುದು? ಅದಕ್ಕೇ ಎಲ್ಲರೂ ತಮ್ಮ ತಮ್ಮ ಮುಡಿಪನ್ನು ತಂದು ಈಶ್ವರನ ಗುಡಿಯಲ್ಲಿ, ಗಣಪತಿ ಗೂಡಿನ ಹಿಂದೆ ಇದ್ದ ತಾಮ್ರದ ಹಂಡೆಯಲ್ಲಿ ಇಡುತ್ತಿದ್ದರು. ಹೊರಡುವ ದಿನ ಬಂದು ಎತ್ತಿಕೊಂಡು ಹೋಗುವುದು. ಅಷ್ಟೂ ದೇವರುಗಳ ದುಡ್ಡನ್ನು ನಮ್ಮ ಈಶ್ವರ ಕಾಯುತ್ತಿದ್ದ, ಬಾಡಿಗೆ ಕೇಳಿದವನಲ್ಲ.

ನನ್ನದೂ ಒಂದು ಅದರಲ್ಲಿತ್ತು. ಗ್ಯಾಸ್ ಕನೆಕ್ಷನ್‌ಗೆ ಬರೆಸಿ ವರ್ಷಗಟ್ಟಲೆ ಕಾದು ಸೀಮೆಎಣ್ಣೆ ಹೊಗೆ ಕುಡಿದು ಸಾಕಾಗಿ, ಸಿಲಿಂಡರ್ ಮನೆಗೆ ಬಂದರೆ ನಿನ್ನ ಬೆಟ್ಟ ಹತ್ತುತ್ತೇನೆ ಎಂದು ತಿಮ್ಮಪ್ಪನಿಗೆ ಹೇಳಿಕೊಂಡಿದ್ದೆ.

ಶಿವರಾತ್ರಿ ಕಳೆದ ಭಾನುವಾರ ಹುಂಡಿ ಎಣಿಕೆ. ಅರ್ಚಕರು ಸೋಗಾನೆಯಲ್ಲಿ ಯಾರದೋ ಗೃಹಪ್ರವೇಶ ಮಾಡಿಸಲು ಎರಡು ದಿನಕ್ಕೆ ಹೋಗಿದ್ದರು. ಹಂಡೆ ಏನು, ಎತ್ತ ಎಂದು ಹೇಳಬೇಕಾದ ಮನುಷ್ಯನೇ ಇರಲಿಲ್ಲ. ಕಾರ್ಯದರ್ಶಿಗಳು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಗೇಟಿನಲ್ಲಿ ಒಳಗೆ ಹೋದವರೆಷ್ಟು, ಹೊರಗೆ ಬಂದವರೆಷ್ಟು ಎಂದು ಜನ್ಮಪೂರ್ತಿ ಬರೆದವರು. ಅವರಿದ್ದದ್ದು ದೊಡ್ಡ ಕ್ವಾರ್ಟರ್ಸಿನಲ್ಲಿ, ದೇವರಿಗೆ ಬೇರೆ ಕೋಣೆ. ಅವರ ಮನೆಯ ಮುಡಿಪು ಅಲ್ಲೇ ಇರುತ್ತಿತ್ತು. ಹಂಡೆಯ ವ್ಯವಹಾರ ಅವರಿಗೆ ಗೊತ್ತೇ ಇರಲಿಲ್ಲ.

ನೆಲ ತೊಳೆಯಲು ಎಲ್ಲವನ್ನೂ ಈಚೆಗೆ ತೆಗೆದಾಗ ಹಂಡೆಯೂ ಜಗುಲಿಗೆ ಬಂತು. ಅವರು ಬಗ್ಗಿ ನೋಡಿ, "ಓಹೋ, ಹುಂಡಿ ತುಂಬಿ ಹೆಚ್ಚಾದದ್ದನ್ನ ಇದಕ್ಕೆ ಹಾಕಿದಾರೆ. ಒಂದು ಪೈಸೆಯೂ ಲೆಕ್ಕದಿಂದ ಹೊರಗೆ ಉಳೀಬಾರದು. ಎಲ್ಲ ಪಾರದರ್ಶಕ ಆಗಿರಬೇಕು" ಎಂದು ತಮ್ಮ ಕೈಯಾರೆ ಚಾಪೆಯ ಮೇಲೆ ಸುರಿದರು.

ನಾವು ಹೆಂಗಸರು ಆಗ ಹಿತ್ತಲಲ್ಲಿ ಕಾಫಿ ಕುಡಿಯುತ್ತಿದ್ದೆವು. ಬಂದು ಕೂತಾಗ ಚಾಪೆಯ ಮೇಲೆ ಗುಡ್ಡೆ. ಕುಂಕುಮ, ವಿಭೂತಿ, ಎಣ್ಣೆ ಮೆತ್ತಿದ ಕಾಸು, ಮಡಿಚಿದ ನೋಟು, ಅದರೊಳಗೆ ಹಳದಿ ಗಂಟುಗಳು. ಹುಂಡಿಯಲ್ಲೂ ಪ್ರತಿ ವರ್ಷ ನಾಲ್ಕಾರು ಗಂಟು ಬೀಳುವುದುಂಟು, ನಮ್ಮ ಈಶ್ವರನಿಗೇ ಕಟ್ಟಿದ್ದು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

"ಈ ಸಲ ಮುಡಿಪು ಜಾಸ್ತಿ ಬಿದ್ದಿದಾವಲ್ಲೇ?" ಎಂದಳು ಒಬ್ಬಳು.

"ಕಾರ್ಖಾನೆ ಮುಚ್ತಾರೆ ಅಂತ ಸುದ್ದಿ ಅಲ್ವಾ, ಜನಕ್ಕೆ ಭಕ್ತಿ ಹೆಚ್ಚಾಗಿದೆ" ಎಂದಳು ಇನ್ನೊಬ್ಬಳು.

ಬಾಯಿ ಒಂದು ಕಡೆ, ಕೈ ಒಂದು ಕಡೆ. ಹಲ್ಲಿನಿಂದ ಗಂಟು ಸಡಿಲಿಸಿ, ಕಾಸು ಗುಡ್ಡೆಗೆ, ಬಟ್ಟೆ ಮೂಲೆಗೆ. ಒಂದು ಗಂಟು ಬಹಳ ಬಿಗಿ ಇತ್ತು. ಯಾವ ಮೂದೇವಿ ಇಷ್ಟು ಬಿಗಿ ಕಟ್ಟಿದ್ದಾಳೋ ಎಂದು ಬೈದುಕೊಂಡೇ ಬಿಚ್ಚಿದೆ. ನನ್ನ ಹಳೇ ಸೀರೆಯ ಅಂಚಿನ ದಾರ ಅದು. ಮನೆಗೆ ಬಂದು ಕೈ ತೊಳೆಯುವಾಗಲೂ ನನಗೆ ಹೊಳೆಯಲಿಲ್ಲ.

ಹಿಂದಿನ ವರ್ಷ ನಾಲ್ಕು ಸಾವಿರ ಮುಟ್ಟಿರದ ಹುಂಡಿ ಆ ಸಲ ಆರು ಸಾವಿರ ದಾಟಿತು. ಕಾರ್ಯದರ್ಶಿಗಳು ಗುಡಿಯ ಹೊರಗಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು, ಕೆಳಗೆ ಎರಡು ಗೆರೆ ಎಳೆದು, ದೂರ ನಿಂತು ನೋಡಿದರು. ನಾವೆಲ್ಲ ಮನೆಗೆ ಹೋದ ಮೇಲೆ ಖಾಲಿ ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿಸಿ ಅಭಿಷೇಕದ ನೀರು ತುಂಬಿಸಿದರು.

ಮಾರನೇ ದಿನ ನಾನೂ ಅವರೂ ಕಾಸಿನ ಚೀಲ ಹೊತ್ತು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಆಗ ಎಲ್ಲೆಲ್ಲೂ ಚಿಲ್ಲರೆಗೆ ಬರ. ಕೋಟೆ ಹತ್ತಿರ ಒಬ್ಬ ಹೋಟೆಲಿನವನು ಚಿಲ್ಲರೆ ಕೊಟ್ಟರೆ ನೋಟು ಕೊಡುತ್ತಿದ್ದ, ನೂರಕ್ಕೆ ಎರಡು ರೂಪಾಯಿ ಮೇಲೆ ಸೇರಿಸಿ. ಆ ಎರಡು ರೂಪಾಯಿಗೆ ಕಾರ್ಯದರ್ಶಿಗಳು 'ಇತರೆ ಆದಾಯ' ಎಂದು ಬೇರೆ ಕಾಲಮ್ಮೇ ಮಾಡಿದರು. ನಾನು ನೋಟು ತಂದು ಬೀರುವಿನಲ್ಲಿಟ್ಟು, ಅರ್ಚಕರ ಎರಡು ಸಾವಿರವನ್ನು ಬೇರೆ ಕವರಿಗೆ ಹಾಕಿ, ಎರಡು ಸಲ ಬೀಗ ಎಳೆದು ನೋಡಿದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಆಮೇಲೆ ಯುಗಾದಿ ತನಕ ಮಾಡಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ತೆಲುಗಿನವಳಿದ್ದಳು. ನನಗಿಂತ ಚಿಕ್ಕವಳು, ದನಿ ಮಾತ್ರ ಕಾರ್ಖಾನೆ ಸೈರನ್. ಯುಗಾದಿ ಮುಗಿಸಿ ತಿರುಪತಿಗೆ ಹೊರಡುವವಳು, ಮಾರನೇ ಬೆಳಿಗ್ಗೆಯೇ ಮುಡಿಪು ಹೇಗಿದೆಯೋ ನೋಡಿ ಬರೋಣ ಎಂದು ಗುಡಿಗೆ ಹೋದಳು. ಹಂಡೆಯೊಳಗೆ ಕೈ ಹಾಕಿದರೆ ನೀರು.

ಅವಳು ಕೂಗಿದ್ದು ಕೇಳಿ ನಾನು ಒಲೆಯ ಮೇಲೆ ಸಾರು ಬಿಟ್ಟು ಓಡಿದೆ.

"ಅಕ್ಕಾ! ನನ್ನ ತಿಮ್ಮಪ್ಪ ಎಲ್ಲಿ ಅಕ್ಕಾ?"

"ಎಂಥ ತಿಮ್ಮಪ್ಪನೇ?"

"ಹಂಡೇಲಿ ಇಟ್ಟಿದ್ದೆ. ನೀಲಿ ದಾರ ಸುತ್ತಿದ್ದು. ಏಮಮ್ಮಾ, ನೀವೆಲ್ಲ ಸೇರಿ ಏನು ಮಾಡಿದ್ರಿ?"

ನೀಲಿ ದಾರ ನನಗೆ ನೆನಪಾಯಿತು. ಅದರ ಬೆನ್ನಿಗೇ ಸೀರೆ ಅಂಚಿನ ದಾರವೂ ನೆನಪಾಯಿತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಅರ್ಧ ಗಂಟೆಯಲ್ಲಿ ಇಡೀ ಬೀದಿ ಗುಡಿಯಲ್ಲಿತ್ತು. ಕಾರ್ಯದರ್ಶಿಗಳು ಬನಿಯನ್ನಿನಲ್ಲೇ ಬಂದರು. ವಿಷಯ ತಿಳಿದ ಮೇಲೆ ಮೊದಲು ಬಿಳಿಚಿಕೊಂಡರು, ಆಮೇಲೆ ಕಾನೂನು ಹುಡುಕಿದರು. "ನೋಡ್ರಿ, ಹಂಡೆ ಮೇಲೆ ಏನೂ ಬರ್ದಿರಲಿಲ್ಲ."

"ಗಣಪತಿ ಮೇಲೂ ಬರ್ದಿಲ್ಲ, ಅದನ್ನೂ ಎತ್ತಿ ಮಾರಿಬಿಡಿ" ಎಂದೆ.

"ಬಿಚ್ಚಿದ್ದು ನೀವಲ್ವಾ ಅಮ್ಮಾ?"

"ಸುರಿದಿದ್ದು ನೀವಲ್ವಾ?"

ಅಷ್ಟು ಹೊತ್ತಿಗೆ ಸೋಗಾನೆಯಿಂದ ಆಗ ತಾನೇ ಮರಳಿದ ಅರ್ಚಕರು ಬಂದು ಹಂಡೆ ನೋಡಿ, ನೀರಿನಲ್ಲಿ ತಮ್ಮ ಮುಖ ನೋಡಿ, ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಬೇರೆ ದೇವರ ದುಡ್ಡನ್ನು ಈಶ್ವರನ ಆದಾಯ ಎಂದು ತೋರಿಸುವ ಹಾಗಿಲ್ಲ, ವಾಪಸ್ ಕೊಡಬೇಕು ಎಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಎಷ್ಟು ಕೊಡಬೇಕು ಎಂಬುದೇ ಪೇಚು. ಮುಡಿಪನ್ನು ಎಣಿಸಬಾರದು ಎಂದ ಮೇಲೆ ಎಷ್ಟಿತ್ತೆಂದು ಯಾರಿಗೆ ಗೊತ್ತು? ಕಾರ್ಯದರ್ಶಿಗಳು ಜಗುಲಿಯ ಮೇಲೆ ಕಾಗದ ಇಟ್ಟುಕೊಂಡು ಕೂತರು. ಒಬ್ಬೊಬ್ಬರೇ ಬಂದು ಹೇಳುವುದು, ಅವರು ಬರೆದುಕೊಳ್ಳುವುದು. ಮೊದಲು ಬಂದವಳು ತೆಲುಗಿನವಳೇ.

"ಎಷ್ಟಿತ್ತಮ್ಮ?"

"ಎಣಿಸಿಲ್ಲ ಸಾರ್. ನೂರು ಇರಬಹುದು."

"ನೂರು" ಎಂದು ಬರೆದರು.

"ಇರಿ ಇರಿ ಸಾರ್. ಹೋದ ದೀಪಾವಳೀಲಿ ನಮ್ಮೆಜಮಾನ್ರು ಏನೋ ತುರುಕಿದ್ರು. ನೂರೈವತ್ತೊಂದು ಬರ್ಕೊಳ್ಳಿ. ಅಯ್ಯೋ, ಇನ್ನೂರೊಂದೇ ಇರ್ಲಿ. ಕಮ್ಮಿ ಆದ್ರೆ ತಿಮ್ಮಪ್ಪ ಬಡ್ಡಿ ಸಮೇತ ಕಿತ್ಕೋತಾನೆ, ನೀವು ಕೊಡ್ತೀರಾ?"

ಅಲ್ಲಿಂದ ಶುರುವಾಯಿತು. ಹಿಂದೆ ನಿಂತವರೆಲ್ಲ ಕೇಳಿಸಿಕೊಂಡರು. ಹೆಚ್ಚು ಹೇಳಿದರೆ ಯಾರಿಗೂ ಲಾಭವಿಲ್ಲ, ಆ ದುಡ್ಡು ಹೋಗುವುದು ದೇವರಿಗೇ. ಕಡಿಮೆ ಹೇಳಿದರೆ ದೇವರಿಗೇ ಮೋಸ ಮಾಡಿದ ಹಾಗೆ. ಅಂಥಾದ್ದರಲ್ಲಿ ಯಾವ ಹುಚ್ಚಿ ಕಡಿಮೆ ಹೇಳುತ್ತಾಳೆ? ಪಳನಿಯವರು ಮುನ್ನೂರೊಂದು ಎಂದರು. ಮಂಜುನಾಥನವರು ಮಾತು ತಪ್ಪಿದರೆ ಬಿಡದ ದೇವರು ಎಂದು ಹೆದರಿ ಐನೂರೊಂದು ಎಂದರು. ಒಬ್ಬ ಮುದುಕ, ತನ್ನದು ಒಂದೇ ರೂಪಾಯಿ ಎಂದು ನಮಗೆಲ್ಲ ಮೊದಲೇ ಹೇಳಿಕೊಂಡು ತಿರುಗಿದ್ದವನು, ಎಲ್ಲಮ್ಮನ ಹೆಸರಲ್ಲಿ ಐವತ್ತೊಂದು ಬರೆಸಿದ. ನಾನೂ ಇನ್ನೂರೊಂದು ಬರೆಸಿದೆ. ಗ್ಯಾಸ್ ಇನ್ನೂ ಬಂದಿರಲಿಲ್ಲ, ನಾನೇಕೆ ತಿಮ್ಮಪ್ಪನನ್ನು ಎದುರು ಹಾಕಿಕೊಳ್ಳಲಿ?

ಕೂಡಿದಾಗ ಐದು ಸಾವಿರ ದಾಟಿತ್ತು. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಕೂಡಿದರು.

"ಹಂಡೇಲಿ ಹೆಚ್ಚಂದ್ರೆ ಎರಡು ಸಾವಿರ ಇದ್ದಿರಬೇಕು. ಇದು ಸಾಧ್ಯವೇ ಇಲ್ಲ. ಯಾರೋ ಹೆಚ್ಚಿಗೆ ಹೇಳಿದಾರೆ."

"ಯಾರೋ ಅಲ್ಲ ಮಾರಾಯ್ರೇ, ಎಲ್ರೂ" ಎಂದೆ.

ಅಷ್ಟೂ ಕೊಟ್ಟರೆ ಉಳಿಯುವುದು ಎಣ್ಣೆಯವನಿಗೂ ಕರೆಂಟ್ ಬಿಲ್ಲಿಗೂ ಸರಿ. ಅರ್ಚಕರಿಗೆ ಸೊನ್ನೆ.

ಇದರ ಮೇಲೆ ತೆಲುಗಿನವಳದು ಇನ್ನೊಂದು ರಗಳೆ. ಅವಳಿಗೆ ತಾನು ಅರಿಸಿನ ಹಚ್ಚಿ ಕಟ್ಟಿದ್ದ ಅದೇ ಕಾಸು ಬೇಕು. ಅವಳ ಬಾಯಿ ಮುಚ್ಚಿಸಲು ಅವಳನ್ನೂ ಕರೆದುಕೊಂಡು ಮತ್ತೆ ಶಿವಮೊಗ್ಗದ ಬಸ್ಸು ಹತ್ತಿದೆ. ಹೋಟೆಲಿನವನಿಗೆ ವಿಷಯ ಹೇಳಿ, ನಮ್ಮ ಅರಿಸಿನದ ಕಾಸು ಉಳಿದಿದ್ದರೆ ನೋಡಪ್ಪಾ ಎಂದೆ. ಅವನು ಗಲ್ಲಾಪೆಟ್ಟಿಗೆ ಎಳೆದು ನಮ್ಮ ಕಡೆ ತಿರುಗಿಸಿದ. ಒಳಗೆ ಎಲ್ಲವೂ ಹಳದಿ, ಕೆಂಪು.

"ಆರಿಸ್ಕೊಳ್ಳಿ ತಾಯೀ. ಕೋಟೇಲಿ ಎಷ್ಟು ದೇವಸ್ಥಾನ ಇದಾವೆ ಗೊತ್ತಾ? ಎಲ್ಲಾರೂ ಇಲ್ಲಿಗೇ ತರ್ತಾರೆ. ನಮ್ಮಲ್ಲಿ ಕಾಫಿಗಿಂತ ಕುಂಕುಮಾನೇ ಜಾಸ್ತಿ ಖರ್ಚು."

ತೆಲುಗಿನವಳು ಗಲ್ಲಾಪೆಟ್ಟಿಗೆಗೇ ಕೈ ಮುಗಿದಳು. ಅಷ್ಟು ದೇವರ ಕಾಸು ಒಂದೇ ಕಡೆ ನೋಡಿ ಅವಳಿಗೂ ಸಾಕೆನಿಸಿರಬೇಕು. "ನೋಟೇ ಕೊಡಿ ಅಕ್ಕಾ, ಹೊಸದು" ಎಂದಳು.

ಹೊರಗೆ ಬಂದರೆ ಎದುರಿನ ಓಣಿಯಲ್ಲಿ ನಮ್ಮ ಅರ್ಚಕರು, ಪಕ್ಕದಲ್ಲಿ ಅವರ ಹೆಂಡತಿ. ಒಂದು ಸಣ್ಣ ಮನೆಯ ಬಾಗಿಲು ತೆರೆದಿತ್ತು. ಆ ಹೆಂಗಸು ಒಳಗೆ ನಿಂತು ನಲ್ಲಿ ತಿರುಗಿಸುತ್ತಿದ್ದಳು, ನಿಲ್ಲಿಸುತ್ತಿದ್ದಳು, ಮತ್ತೆ ತಿರುಗಿಸುತ್ತಿದ್ದಳು. ನೀರು ಬಂದಾಗಲೆಲ್ಲ ನಗುತ್ತಿದ್ದಳು. ಭದ್ರಾವತಿಯಲ್ಲಿ ಬೀದಿ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಜಗಳವಾಡಿದ ನನಗೆ ಆ ನಗು ಅರ್ಥವಾಯಿತು, ಅದಕ್ಕೇ ಇನ್ನಷ್ಟು ಕೋಪ ಬಂತು.

ಅರ್ಚಕರು ನಮ್ಮನ್ನು ನೋಡಿ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಶಲ್ಯ ಸರಿಮಾಡಿಕೊಂಡರು. "ಸುಮ್ನೆ ನೋಡೋಣ ಅಂತ ಬಂದ್ವಿ ಅಮ್ಮಾ."

"ನೋಡಿ, ನೋಡಿ. ಯುಗಾದಿ ಇನ್ನೂ ಬಂದಿಲ್ಲ" ಎಂದೆ.

"ದುಡ್ಡು ಇದೆಯಾ?" ಎಂದು ಕೇಳಿದವಳು ಅವರ ಹೆಂಡತಿ. ಕೈ ಇನ್ನೂ ನಲ್ಲಿಯ ಮೇಲೇ ಇತ್ತು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ. ಯುಗಾದಿಗೆ ಇರತ್ತೆ" ಎಂದೆ. ಹೇಗೆ ಎಂದು ಅವಳು ಕೇಳಲಿಲ್ಲ, ಪುಣ್ಯ. ಬಸ್ಸಿನಲ್ಲಿ ವಾಪಸ್ ಬರುವಾಗ ತೆಲುಗಿನವಳು ಅಷ್ಟು ದೂರವೂ ಮಾತಾಡಲಿಲ್ಲ. ಹಾಗಾದದ್ದು ಅದೊಂದೇ ಸಲ.

ಊರಿಗೆ ಬಂದ ಮೇಲೆ ಕಾರ್ಯದರ್ಶಿಗಳು ಒಂದು ಉಪಾಯ ತಂದರು. ಎಲ್ಲರಿಗೂ ಬರೆಸಿದ್ದರಲ್ಲಿ ಅರ್ಧ ಕೊಡೋಣ, ಉಳಿದರ್ಧ ಮುಂದಿನ ವರ್ಷ.

"ದೇವರಿಗೆ ಕಂತಾ?" ಎಂದೆ. "ಬೇಡ. ಕವರಿನಲ್ಲಿರೋ ಎರಡು ಸಾವಿರಾನೂ ಒಡೀತೀನಿ. ಯಾರ್ಯಾರು ಎಷ್ಟೆಷ್ಟು ಬರೆಸಿದಾರೋ ಅಷ್ಟೂ ಕೊಡೋಣ, ಎಲ್ಲರ ಮುಂದೆ. ಆಮೇಲೆ ಉಳಿದಿದ್ದೆಷ್ಟು ಅಂತ ಎಲ್ಲರ ಮುಂದೆ ಓದೋಣ."

"ಉಳಿಯೋದು ಏನೂ ಇಲ್ವಲ್ಲಮ್ಮಾ."

"ಅದನ್ನೇ ಓದಿ. ಗಟ್ಟಿಯಾಗಿ."

ಯುಗಾದಿ ಸಂಜೆ ನಮ್ಮ ಗುಡಿಯಲ್ಲಿ ಪಂಚಾಂಗ ಓದುವುದು, ಅದರ ಬೆನ್ನಿಗೆ ದೇವಸ್ಥಾನದ ವರ್ಷದ ಲೆಕ್ಕ ಓದುವುದು ಮೊದಲಿನಿಂದ ನಡೆದು ಬಂದದ್ದು. ಆ ಸಲ ಜಗುಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಚಕರು ಪಂಚಾಂಗ ಬಿಚ್ಚಿ ಒಂದೊಂದು ರಾಶಿಯ ಆಯ ವ್ಯಯ ಓದಿದರು. ಎಲ್ಲರಿಗೂ ಬರುವುದಕ್ಕಿಂತ ಹೋಗುವುದೇ ಹೆಚ್ಚು ಬಂತು, ಎಂದಿನ ಹಾಗೆ.

"ನಮ್ಮ ಈಶ್ವರನದು ಯಾವ ರಾಶಿ ಅಯ್ನೋರೇ? ಅವನದೂ ಓದಿಬಿಡಿ" ಎಂದೆ.

ಜನ ನಕ್ಕರು. ಅರ್ಚಕರು ನಗಲಿಲ್ಲ. ಅವರ ಹೆಂಡತಿ ಕಂಬಕ್ಕೆ ಒರಗಿ ನಿಂತಿದ್ದಳು. ಸೆರಗಿನ ತುದಿಯಲ್ಲಿ ಶಿವಮೊಗ್ಗದ ಆ ಮನೆಯ ಬೀಗದಕೈ ಕಟ್ಟಿಕೊಂಡೇ ಬಂದಿದ್ದಳು.

ನಾನು ನೋಟಿನ ಕಟ್ಟು ತೆಗೆದೆ. ಕಾರ್ಯದರ್ಶಿಗಳು ಹೆಸರು ಕೂಗಿದರು. ಒಬ್ಬೊಬ್ಬರಿಗೂ ಅವರು ಬರೆಸಿದಷ್ಟು ದುಡ್ಡು, ಮೇಲೊಂದು ಹೊಸ ಅರಿಸಿನದ ಬಟ್ಟೆ. ಎಲ್ಲರೂ ಕಣ್ಣಿಗೊತ್ತಿಕೊಂಡು ಮಡಿಲಲ್ಲಿಟ್ಟುಕೊಂಡರು. ತೆಲುಗಿನವಳು ಮಾತ್ರ ಕೈಗೆ ಬಂದ ಕೂಡಲೇ ಮೂರು ಗಂಟು ಹಾಕಿ ನೀಲಿ ದಾರ ಸುತ್ತಿದಳು, ಮತ್ತೆ ಯಾರಾದರೂ ಕಸಿದುಕೊಂಡಾರು ಎಂಬಂತೆ.

ಆಮೇಲೆ ಲೆಕ್ಕ. ಹುಂಡಿ ಆದಾಯ ಇಷ್ಟು, ಇತರೆ ಆದಾಯ ಇಷ್ಟು, ಅನ್ಯ ದೇವರುಗಳಿಗೆ ವಾಪಸ್ ಕೊಟ್ಟದ್ದು ಇಷ್ಟು, ಎಣ್ಣೆ, ಕರೆಂಟು.

"ಅರ್ಚಕರ ಸಂಬಳ, ಐದು ತಿಂಗಳ ಬಾಕಿ, ಎರಡು ಸಾವಿರ. ಕೊಟ್ಟದ್ದು..." ಕಾರ್ಯದರ್ಶಿಗಳ ದನಿ ಸಣ್ಣದಾಯಿತು.

"ಗಟ್ಟಿಯಾಗಿ ಓದಿ" ಎಂದೆ.

"ಇಲ್ಲ."

ನಾನು ಎದ್ದು ನಿಂತೆ. ಬೇರೆಯವರು ಏಳುವ ಹಾಗೆ ಕಾಣಲಿಲ್ಲ.

"ನೋಡ್ರೇ. ತಿಮ್ಮಪ್ಪನಿಗೆ ಹೆದರಿ ಒಂದಕ್ಕೆ ಎರಡು ಬರೆಸಿದ್ವಿ. ಮಂಜುನಾಥನಿಗೆ ಹೆದರಿ ಮೂರು ಬರೆಸಿದ್ವಿ. ಅವರಿಗೆಲ್ಲ ಬೇಕಾದಷ್ಟಿದೆ. ದಿನಾ ನಮ್ಮ ಗಂಟು ಕಾಯ್ದೋನು ಇಲ್ಲಿದಾನೆ, ಇವನಿಗೆ ಹೆದರೋರು ಒಬ್ರೂ ಇಲ್ಲ. ನಾಳೆ ಅಯ್ನೋರು ಶಿವಮೊಗ್ಗಕ್ಕೆ ಹೊರಡ್ತಾರೆ. ನಾಡಿದ್ದಿಂದ ಮುಡಿಪು ಎಲ್ಲಿಡ್ತೀರಿ? ನಾಯಿ ಕೈಗೆ ಕೊಡ್ತೀರಾ?"

ಹಿಂದಿನಿಂದ ಎಲ್ಲಮ್ಮನ ಮುದುಕ ಕೇಳಿದ: "ಅಯ್ನೋರೇ, ಹೆಂಗೋ ಆ ಹಳೇ ಗಂಟು ಬಿಚ್ಚಿಬಿಟ್ರಲ್ಲ. ಅದಕ್ಕೆ ತಪ್ಪುಕಾಣಿಕೆ ಇಡಬೇಕಾ? ಇಡೋದಾದ್ರೆ ಯಾವ ದೇವರಿಗೆ?"

ಅರ್ಚಕರು ಬಹಳ ಹೊತ್ತು ಪಂಚಾಂಗ ನೋಡಿದರು. ಅದರಲ್ಲಿ ಅಂಥದ್ದು ಬರೆದಿರುವುದಿಲ್ಲ ಎಂದು ನನಗೂ ಗೊತ್ತು.

"ಬಿಚ್ಚಿದ್ದು ಎಲ್ಲಿ?"

"ಇಲ್ಲೇ."

"ಹಾಗಾದ್ರೆ ಕಾಣಿಕೆಯೂ ಇಲ್ಲಿಗೇ. ಬಿಚ್ಚಿದವರದು ಒಂದು ತಪ್ಪು. ಇಲ್ಲದ್ದನ್ನ ಇತ್ತು ಅಂದವರದು ಇನ್ನೊಂದು. ಹೊಸ ಗಂಟು ಕಟ್ಟೋಕೆ ಮುಂಚೆ ಇಡಬೇಕು. ಎಷ್ಟು ಅಂತ ಅವರವರಿಗೆ ಗೊತ್ತು" ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಷ್ಟು ವರ್ಷ ಅವರನ್ನು ಸಾಧು ಎಂದುಕೊಂಡಿದ್ದೆ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಏಳಲಿಲ್ಲ. ಎದ್ದು ಹುಂಡಿಗೆ ಹಾಕಿದರೆ ಸುಳ್ಳು ಬರೆಸಿದೆ ಎಂದು ಬೀದಿಗೆಲ್ಲ ಸಾರಿದ ಹಾಗೆ. ಆಗ ಕರೆಂಟ್ ಹೋಯಿತು.

ನಮ್ಮ ಕಡೆ ಕರೆಂಟ್ ಹೋಗುವುದು ದೊಡ್ಡ ವಿಷಯವಲ್ಲ, ಯಾರಿಗೂ ಆಶ್ಚರ್ಯವಾಗಲಿಲ್ಲ. ಗರ್ಭಗುಡಿಯ ಒಳಗಿನ ದೀಪ ಬಿಟ್ಟರೆ ಜಗುಲಿಯಲ್ಲಿ ಪೂರ್ತಿ ಕತ್ತಲೆ. ಮೊದಲು ಸೀರೆಯ ಸರಸರ. ಆಮೇಲೆ ಹುಂಡಿಯೊಳಗೆ ಒಂದು ಕಾ‌ಸು ಠಣ್ ಎಂದಿತು. ಆಮೇಲೆ ಇನ್ನೊಂದು. ನೋಟಿಗೆ ಸದ್ದಿಲ್ಲ, ಉಸಿರು ಮಾತ್ರ ಕೇಳುತ್ತಿತ್ತು. "ಕಾಲು ತುಳೀಬೇಡ್ವೇ", "ನೀನು ಮೊದಲು ಹಾಕಿ ಆಚೆ ಹೋಗೇ", "ನಾನೇನೂ ಹಾಕ್ತಿಲ್ಲ, ಕೈ ಮುಗಿಯೋಕೆ ಬಂದೆ." ಕಾರ್ಯದರ್ಶಿಗಳು ಕತ್ತಲೆಯಲ್ಲೇ "ಶಿಸ್ತು! ಸಾಲಾಗಿ ಬನ್ನಿ!" ಎಂದು ಕೂಗುತ್ತಿದ್ದರು. ಆಮೇಲೆ ಅವರ ದನಿಯೂ ಹುಂಡಿಯ ಪಕ್ಕದಿಂದ ಬಂತು. ಹಂಡೆ ಸುರಿದ ಪಾಪ ಅವರದು, ಹಾಕಲಿ ಎಂದು ಸುಮ್ಮನಿದ್ದೆ. ನಾನೆಷ್ಟು ಹಾಕಿದೆ ಎಂದು ಕೇಳಬೇಡಿ. ಕತ್ತಲೆಯಲ್ಲಿ ಎಣಿಸಲಾಗುತ್ತದೆಯೇ?

ಸದ್ದು ನಿಂತ ಮೇಲೆ ಕರೆಂಟ್ ಬಂತು. ಸ್ವಿಚ್ ಬೋರ್ಡ್ ನನ್ನ ಬೆನ್ನ ಹಿಂದಿನ ಗೋಡೆಯಲ್ಲೇ ಇತ್ತು ಎಂಬುದನ್ನು ಆ ದಿನ ಯಾರೂ ಗಮನಿಸಲಿಲ್ಲ. ಅರ್ಚಕರ ಹೆಂಡತಿ ಗಮನಿಸಿದಳು ಎಂದು ಕಾಣುತ್ತದೆ. ನನ್ನನ್ನು ಒಂದು ಥರಾ ನೋಡಿದಳು.

ಹುಂಡಿಯನ್ನು ಆಗಲೇ, ಎಲ್ಲರ ಮುಂದೆಯೇ ತೆಗೆದೆವು. ನೋಟು, ಕಾಸು, ನಡುವೆ ಒಂದು ಹಳದಿ ಗಂಟು, ನೀಲಿ ದಾರ ಸುತ್ತಿದ್ದು. ಮೊದಲೇ ಕಟ್ಟಿಬಿಟ್ಟವಳು ಬಿಚ್ಚುವ ಹಾಗಿಲ್ಲವಲ್ಲ, ಇಡೀ ಗಂಟನ್ನೇ ಹಾಕಿದ್ದಳು. ಕಾರ್ಯದರ್ಶಿಗಳು ಅದನ್ನೆತ್ತಿ ಅಭ್ಯಾಸಬಲದಿಂದ ದಾರಕ್ಕೆ ಉಗುರು ಹಾಕಿದರು.

"ಬಿಚ್ಚಬೇಡೀ!" ಎಂದು ಇಡೀ ಬೀದಿ ಒಟ್ಟಿಗೆ ಕಿರುಚಿತು. ಅವರು ಗಂಟನ್ನು ಕೆಂಡ ಬಿಟ್ಟ ಹಾಗೆ ಕೆಳಗೆ ಬಿಟ್ಟರು.

"ಯಾರದೋ ಪಾಪ" ಎಂದಳು ತೆಲುಗಿನವಳು, ಮೇಲೆ ಮಾಡಿನ ಶೀಟು ನೋಡುತ್ತಾ. ಅದನ್ನು ಹಂಡೆಯ ನೀರು ಚೆಲ್ಲಿ, ಒರೆಸಿ, ಅದರಲ್ಲಿಟ್ಟೆವು. ಮರುವಾರ ಅವಳೇ ಬಂದು ಎತ್ತಿಕೊಂಡಳು.

"ನಿಂದಲ್ಲ ಅಂದ್ಯಲ್ಲೇ?"

"ಯಾರದಾದ್ರೂ ತಿಮ್ಮಪ್ಪನದೇ ಅಲ್ವಾ ಅಕ್ಕಾ. ಹೋಗೋಳು ನಾನು, ತಗೊಂಡು ಹೋಗ್ತೀನಿ."

ಗಂಟು ಬಿಟ್ಟು ಎಣಿಸಿದಾಗ ಸಾವಿರದ ಆರುನೂರು, ಮೇಲೆ ಸ್ವಲ್ಪ ಚಿಲ್ಲರೆ. ಹೆಚ್ಚಿಗೆ ಬರೆಸಿದ್ದೆಲ್ಲ ವಾಪಸ್ ಬರಲಿಲ್ಲ, ಉಳಿದದ್ದು ಅವರವರಿಗೂ ಅವರವರ ದೇವರಿಗೂ ಬಿಟ್ಟದ್ದು. ನಾನು ನಾಲ್ಕು ತಿಂಗಳ ಸಂಬಳ ಅರ್ಚಕರ ಕೈಗಿಟ್ಟೆ.

"ಒಂದು ತಿಂಗಳದು ಕಮ್ಮಿ ಬಿತ್ತು ಅಯ್ನೋರೇ. ನನ್ನ ಮಾತು ಪೂರ್ತಿ ನಡೀಲಿಲ್ಲ. ಹೋಗೋದಿದ್ರೆ ಹೋಗಿ."

ಅವರು ಹೆಂಡತಿಯ ಕಡೆ ನೋಡಿದರು. ಅವಳು ಸೆರಗಿನ ಬೀಗದಕೈ ಮುಟ್ಟಿಕೊಂಡು ಯೋಚನೆ ಮಾಡಿ, "ನಾನೂರು ರೂಪಾಯಿ ಬಿಟ್ಟು ಹೋಗೋಕೆ ನಮಗೇನು ತಲೆ ಕೆಟ್ಟಿದೆಯಾ? ಅದು ಬಂದ ಮೇಲೆ ನೋಡೋಣ" ಎಂದಳು.

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವತ್ತಿನಿಂದ ತಿಂಗಳು ತಿಂಗಳು ಸಂಬಳ ಕೊಟ್ಟೆ, ಒಂದು ತಿಂಗಳದ್ದು ಮಾತ್ರ ಯಾವಾಗಲೂ ಬಾಕಿ ಇಟ್ಟೆ. ಆ ದುಡ್ಡು ಬೀರುವಿನಲ್ಲಿ ಬೇರೆ ಕವರಿನಲ್ಲಿ ಭದ್ರವಾಗಿತ್ತು, ಪ್ರತಿ ಯುಗಾದಿ ಕಾರ್ಯದರ್ಶಿಗಳು ಲೆಕ್ಕದಲ್ಲಿ ಓದುತ್ತಿದ್ದರು, ಅರ್ಚಕರೂ ತಲೆಯಾಡಿಸುತ್ತಿದ್ದರು. ಅವರ ಹೆಂಡತಿ ವರ್ಷಕ್ಕೊಂದು ಸಲ "ಆ ಬಾಕಿ ಯಾವಾಗ ಅಮ್ಮಾ?" ಎನ್ನುತ್ತಿದ್ದಳು, "ಕೊಡೋಣ ಮಾರಾಯ್ತಿ" ಎನ್ನುತ್ತಿದ್ದೆ. ಎರಡು ವರ್ಷದ ಮೇಲೆ ಕಮಿಟಿ ಅವರ ಮನೆಯೊಳಗೆ ನಲ್ಲಿ ಹಾಕಿಸಿತು. ನನ್ನ ಗ್ಯಾಸ್ ಅದಕ್ಕೂ ತಡವಾಗಿ ಬಂತು.

ಹಂಡೆಗೆ ಕಾರ್ಯದರ್ಶಿಗಳು ಮುಚ್ಚಳ, ಬೀಗ ಮಾಡಿಸಿ, ಮೇಲೆ ಬಣ್ಣದಲ್ಲಿ 'ಇದು ಹುಂಡಿ ಅಲ್ಲ' ಎಂದು ಬರೆಸಿದರು. ಬೀಗ ನೋಡಿದ ಜನ ಇದೇ ದೊಡ್ಡ ಹುಂಡಿ ಇರಬೇಕೆಂದು ಮುಚ್ಚಳದ ಮೇಲೆ ಕಾಸಿಟ್ಟು ಕೈಮುಗಿಯಲು ಶುರುಮಾಡಿದರು. ಅದಕ್ಕೂ ಒಂದು ಕಾಲಮ್ಮು ಬಂತು.

ನಮ್ಮ ಯಜಮಾನರು ನಿವೃತ್ತರಾಗಿ, ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ರವೀಂದ್ರನಗರಕ್ಕೆ ಬರುವಾಗ ಖಜಾಂಚಿ ಕೆಲಸ ತೆಲುಗಿನವಳಿಗೆ ಬಿತ್ತು. ಆ ಹೊತ್ತಿಗೆ ಅವಳ ಮನೆಗೂ ಬೀರು ಬಂದಿತ್ತು. ಡಬ್ಬ, ಪುಸ್ತಕ, ನೋಟು ಎಲ್ಲ ಎಣಿಸಿ ಕೊಟ್ಟೆ. ಕೊನೆಗೆ ಕವರು.

"ಇದೇನಕ್ಕಾ?"

"ಅಯ್ನೋರ ಒಂದು ತಿಂಗಳ ಸಂಬಳ. ಅವರ ದುಡ್ಡೇ. ಸಂಬಳ ಏರಿದಾಗ ಇದಕ್ಕೂ ಏರಿಸು. ಲೆಕ್ಕದಲ್ಲಿ ಓದಿಸು. ಯಾರು ಕೇಳಿದ್ರೂ ಇದೆ ಅಂತ ತೋರಿಸು."

"ಮತ್ತೆ ಕೊಟ್ಟುಬಿಡೋದಲ್ವಾ?"

"ಕೊಟ್ಟೆ ಅಂದ್ರೆ ನೋಡು, ನಾನು ಬಸ್ ಹತ್ತಿ ಬರ್ತೀನಿ" ಎಂದು ಹೇಳಿ, ಬೀಗದಕೈಯನ್ನು ಅವಳ ಸೊಂಟಕ್ಕೆ ಸಿಕ್ಕಿಸಿ ಬಂದೆ.